ಪುರಾತನ ಗ್ರೀಕ್ ಮಡಕೆಗಳ ಮೇಲಿನ ಪುರಾಣದ ಚಿತ್ರಗಳಲ್ಲಿ ಯಾರು ಯಾರೆಂದು ಗುರುತಿಸುವುದು ಹೇಗೆ?

ಅರ್ಧ ಕೆಲಸವನ್ನು ಚಿತ್ರ ಬರೆದವರೇ ಮಾಡಿಟ್ಟಿದ್ದಾರೆ. ಎಷ್ಟೋ ಮಡಕೆಗಳಲ್ಲಿ ಆಕೃತಿಯ ಪಕ್ಕದಲ್ಲೇ ಹೆಸರು ಇರುತ್ತದೆ. ಇಲ್ಲದಿದ್ದರೆ ಕೈಯಲ್ಲಿ, ಮೈಮೇಲೆ ಏನಿದೆ ನೋಡಿ. ಸಿಂಹದ ಚರ್ಮ ಹೊದ್ದು ಗದೆ ಹಿಡಿದಿದ್ದರೆ ಮಹಾವೀರ ಹೆರಾಕ್ಲೀಸ್. ತ್ರಿಶೂಲ ಕಂಡ ಕೂಡಲೇ ನಮಗೆ ಶಿವ ನೆನಪಾಗುತ್ತಾನೆ ಅಲ್ವಾ? ಇಲ್ಲಿ ಅದು ಸಮುದ್ರದ ದೇವರು ಪೊಸೈಡನ್‌ನದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವ್ಯಾಟಿಕನ್ ಮ್ಯೂಸಿಯಂನಲ್ಲಿರುವ ಒಂದು ಎರಡು ಹಿಡಿಯ ಜಾಡಿ. ಅಥೆನ್ಸಿನ ಎಕ್ಸೀಕಿಯಾಸ್ ಮಾಡಿದ್ದು, ಕ್ರಿ.ಪೂ. 540-530ರ ಸುಮಾರಿನದು. ಟ್ರಾಯ್ ಯುದ್ಧದ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಎದುರುಬದುರು ಕೂತು, ಈಟಿಗಳನ್ನೂ ಕೆಳಗಿಡದೆ, ಪಗಡೆಯಂಥ ಆಟದಲ್ಲಿ ಮುಳುಗಿದ್ದಾರೆ. ಅಕಿಲೀಸ್‌ನ ಬಾಯಿಯ ಹತ್ತಿರ 'ನಾಲ್ಕು' ಎಂದೂ ಏಜಾಕ್ಸ್‌ನ ಬಾಯಿಯ ಹತ್ತಿರ 'ಮೂರು' ಎಂದೂ ಗ್ರೀಕಿನಲ್ಲಿ ಬರೆದಿದೆ. ಥೇಟ್ ಕಾಮಿಕ್ಸ್ ಥರ! ಗೆಲ್ಲುತ್ತಿರುವ ಅಕಿಲೀಸ್ ಶಿರಸ್ತ್ರಾಣ ಹಾಕಿಕೊಂಡೇ ಇದ್ದಾನೆ, ಏಜಾಕ್ಸ್ ತೆಗೆದು ಹಿಂದಿಟ್ಟಿದ್ದಾನೆ.

ಇಬ್ಬರ ಮೇಲುವಸ್ತ್ರದ ಮೇಲೂ ಕೂದಲೆಳೆಯಷ್ಟು ಸಣ್ಣ ಕುಸುರಿ ಇದೆ. ಅದು ಕುಂಚದ ಕೆಲಸವಲ್ಲ. ನುಣುಪಾದ ಜೇಡಿಯ ತಿಳಿ ಬಳಿದು, ಅದರ ಮೇಲೆ ಚೂಪಾದ ಮೊನೆಯಿಂದ ಕೆರೆಯುತ್ತಿದ್ದರು. ಆವಿಗೆಯಲ್ಲಿ ಗಾಳಿ ತಡೆದು ಸುಟ್ಟಾಗ ಇಡೀ ಮಡಕೆ ಕಪ್ಪಾಗುತ್ತಿತ್ತು; ಮತ್ತೆ ಗಾಳಿ ಬಿಟ್ಟಾಗ ಬಳಿದ ಭಾಗ ಕಪ್ಪಾಗಿಯೇ ಉಳಿದು, ಕೆರೆದ ಗೆರೆ ಮಣ್ಣಿನ ಕೆಂಪು ಬಣ್ಣಕ್ಕೆ ಮರಳುತ್ತಿತ್ತು.

ಒಂದು ಎಚ್ಚರ: ಪ್ರತಿ ಚಿತ್ರಕ್ಕೂ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಆಧಾರ ಹುಡುಕಲು ಹೋಗಬೇಡಿ. ಟ್ರಾಯ್ ಯುದ್ಧದ ಕಥೆ ಹೇಳುವ ಅವನ ಇಲಿಯಡ್‌ನಲ್ಲಿ ಅಕಿಲೀಸ್-ಏಜಾಕ್ಸರ ಈ ಆಟದ ಪ್ರಸ್ತಾಪವೇ ಇಲ್ಲ.