ಕುರ್ಚಿ ಕೊಳ್ಳುವ ಮುನ್ನ ಮೇಜು ಅಳೆಯಿರಿ

ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಆಫೀಸ್ ಕುರ್ಚಿಗೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಚಿಕ್ಕದಾಗಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಮನೆಯಿಂದಲೇ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕೂರುತ್ತೇನೆ. ಹದಿನಾಲ್ಕು ಸಾವಿರ ಕೊಟ್ಟು ಎರ್ಗೊನಾಮಿಕ್ ಕುರ್ಚಿ ತಂದರೂ ಸಂಜೆ ಹೊತ್ತಿಗೆ ಭುಜ, ಕತ್ತು ಹಿಡಿದುಕೊಳ್ಳುತ್ತದೆ, ಕಾಲು ಜೋಮು ಹಿಡಿಯುತ್ತದೆ. ನನ್ನ ಎತ್ತರ ಐದು ಅಡಿ. ಕುರ್ಚಿ ಬದಲಿಸಬೇಕೇ? — ಬೆಂಗಳೂರು

ಉತ್ತರ: ಮೊದಲು ಟೇಪು ತಂದು ಮೇಜಿನ ಎತ್ತರ ಅಳೆಯಿರಿ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಮೇಜಾಗಲಿ, ಬಡಗಿ ಮಾಡಿಕೊಡುವ ಮೇಜಾಗಲಿ ಹೆಚ್ಚುಕಡಿಮೆ ಎಲ್ಲವೂ ಎರಡೂವರೆ ಅಡಿ, ಅಂದರೆ 75 ಸೆಂ.ಮೀ. ಕೂತು ಬರೆಯುವುದಕ್ಕೆ ಅದು ನಡೆಯುತ್ತದೆ. ಟೈಪಿಂಗಿಗೆ ಆರಡಿ ಆಳಿಗೂ ತುಸು ಎತ್ತರವೇ.

ನಿಮ್ಮ ಲೆಕ್ಕ ಹೀಗಿದೆ. ನೆಲದಿಂದ ಮಂಡಿಯ ಹಿಂಬದಿಯವರೆಗಿನ ಎತ್ತರ ಸಾಮಾನ್ಯವಾಗಿ ಒಟ್ಟು ಎತ್ತರದ ಕಾಲು ಭಾಗ. ಐದಡಿಗೆ ಸುಮಾರು 38 ಸೆಂ.ಮೀ. ಆಯಿತು. ಪಾದ ಪೂರ್ತಿ ನೆಲಕ್ಕೆ ತಾಗಬೇಕಾದರೆ ಸೀಟು ಅಷ್ಟೇ ಎತ್ತರದಲ್ಲಿರಬೇಕು. ಆದರೆ ಮಾರುಕಟ್ಟೆಯ ಬಹುಪಾಲು ಕುರ್ಚಿಗಳು ಪೂರ್ತಿ ಇಳಿಸಿದರೂ 43–45 ಸೆಂ.ಮೀ.ಗೆ ನಿಂತುಬಿಡುತ್ತವೆ. ಹಾಗಾಗಿ ಸೀಟಿನ ಮುಂದಿನ ಅಂಚು ತೊಡೆಯ ಕೆಳಭಾಗವನ್ನು ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಇನ್ನು ಭುಜ. ಕೂತಾಗ ನಿಮ್ಮ ಮೊಣಕೈ ಸೀಟಿನಿಂದ ಸುಮಾರು 20 ಸೆಂ.ಮೀ. ಮೇಲಿರುತ್ತದೆ. 44 ಸೆಂ.ಮೀ. ಸೀಟಿನಲ್ಲಿ ಕೂತರೆ ಮೊಣಕೈ 64ರಲ್ಲಿ, ಮೇಜು 75ರಲ್ಲಿ. ಹನ್ನೊಂದು ಸೆಂ.ಮೀ. ಅಂತರವನ್ನು ಇಡೀ ದಿನ ಭುಜ ಎತ್ತಿಯೇ ತುಂಬಬೇಕು. ಎಷ್ಟು ದುಬಾರಿ ಕುರ್ಚಿ ತಂದರೂ ಈ ಕೊರತೆ ನೀಗುವುದಿಲ್ಲ.

ಖರ್ಚಿಲ್ಲದ ದಾರಿ ಒಂದಿದೆ. ಕುರ್ಚಿಯನ್ನು ಮೇಲೆತ್ತಿ, ಮೊಣಕೈ ಮೇಜಿನ ಮಟ್ಟಕ್ಕೆ ಬರಲಿ. ಸೀಟು 54ರ ಹತ್ತಿರ ಬರುತ್ತದೆ. ಪಾದದ ಕೆಳಗೆ ಸುಮಾರು 15 ಸೆಂ.ಮೀ. ಎತ್ತರದ ಗಟ್ಟಿ ಪೀಠ ಇಡಿ. ಅಟ್ಟದ ಮೇಲಿರುವ ಎರಡು ಊಟದ ಮಣೆಗಳನ್ನು ಒಂದರ ಮೇಲೊಂದಿಟ್ಟು, ಜಾರದಂತೆ ನಡುವೆ ರಬ್ಬರ್ ಮ್ಯಾಟ್ ಹಾಕಿದರೂ ಆಯಿತು. ಎರಡೂ ಪಾದ ಆಡಿಸುವಷ್ಟು, ಅಂದರೆ 40 ಸೆಂ.ಮೀ. ಅಗಲವಾದರೂ ಇರಲಿ. ಪಾದ ಎರಡೇ ಬೆರಳಷ್ಟು ಜಾಗದಲ್ಲಿ ಕೂತರೆ ಬೇರೆ ನೋವು ಶುರುವಾಗುತ್ತದೆ.

ಇದಕ್ಕಿಂತ ಒಳ್ಳೆಯದು ಮೇಜಿನಡಿಗೆ ಕೀಬೋರ್ಡ್ ಟ್ರೇ ಹಾಕಿಸುವುದು. ಟ್ರೇ ಮೇಲ್ಮೈ 65–66 ಸೆಂ.ಮೀ.ಗೆ ಬಂದರೆ ಸೀಟು 45ರಲ್ಲೇ ಇರಬಹುದು, ಕಾಲಿಗೆ ಒಂದೇ ಮಣೆ ಸಾಕು. ಹಾಕಿಸುವ ಮುನ್ನ ತೊಡೆಗೂ ಟ್ರೇಯ ತಳಕ್ಕೂ ನಡುವೆ ಮೂರು ಬೆರಳು ಜಾಗ ಉಳಿಯುತ್ತದೆಯೇ ನೋಡಿ. ಮೇಜಿಗೆ ಮಧ್ಯದ ಡ್ರಾಯರ್ ಇದ್ದರೆ ಅದನ್ನು ಮೊದಲು ಕಿತ್ತುಹಾಕಿಸಿ. ಮರದ ಮೇಜಾದರೆ, ಮನೆಯಲ್ಲಿ ಬೇರಾರೂ ಅದನ್ನು ಬಳಸದಿದ್ದರೆ, ಕಾಲು ಕತ್ತರಿಸುವುದೇ ಅತ್ಯುತ್ತಮ. ಬಡಗಿಗೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ಅಳತೆ ಉಳಿಯಿತು. ಬೆನ್ನು ಒರಗಿಗೆ ಪೂರ್ತಿ ತಾಗುವಂತೆ ಹಿಂದಕ್ಕೆ ಸರಿದು ಕೂತಾಗ, ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು–ಮೂರು ಬೆರಳು ಜಾಗ ಇರಲೇಬೇಕು. ಐದಡಿಯವರಿಗೆ ಸೀಟಿನ ಆಳ 40 ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ಆ ಜಾಗ ಸಿಗುವುದಿಲ್ಲ. ಆಗ ಮುಂದಕ್ಕೆ ಜಾರಿ, ತುದಿಯಲ್ಲಿ ಕೂರುವುದು ರೂಢಿಯಾಗುತ್ತದೆ. ಸೊಂಟಕ್ಕೆಂದು ಕೊಟ್ಟ ಉಬ್ಬು ಬೆನ್ನಿಗೆ ತಾಗುವುದೇ ಇಲ್ಲ. ನಿಮ್ಮ ಕುರ್ಚಿಗೆ ಸೀಟನ್ನು ಹಿಂದೆ ಮುಂದೆ ಸರಿಸುವ ಲಿವರ್ ಇದ್ದರೆ ಪೂರ್ತಿ ಹಿಂದಕ್ಕೆ ತಳ್ಳಿ. ಇಲ್ಲದಿದ್ದರೆ ಬೆನ್ನಿನ ಹಿಂದೆ 5 ಸೆಂ.ಮೀ. ದಪ್ಪದ ಗಟ್ಟಿ ದಿಂಬು ಇಡಿ. ಮೆತ್ತನೆಯದು ಬೇಡ, ಹತ್ತೇ ನಿಮಿಷಕ್ಕೆ ಚಪ್ಪಟೆಯಾಗುತ್ತದೆ.

ಜೋಮು ಎದ್ದು ಓಡಾಡಿದ ಮೇಲೂ ಹೋಗದಿದ್ದರೆ, ನೋವು ಒಂದೇ ಕಾಲಿಗೆ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಿ. ಕಾಲಿಗೆ ಶಕ್ತಿ ಕುಂದಿದರೆ, ಮೂತ್ರ–ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಅಂಗಡಿಯವರು ‘ಬಿಫ್ಮಾ ಸರ್ಟಿಫೈಡ್’, ‘ಕ್ಲಾಸ್ 4’ ಅನ್ನುತ್ತಾರೆ. ಅದನ್ನು ನಂಬಿ ಕೊಳ್ಳಬಹುದೇ? ಅಂಗಡಿಯಲ್ಲಿ ಏನು ನೋಡಬೇಕು? — ಹುಬ್ಬಳ್ಳಿ

ಉತ್ತರ: ಬಿಫ್ಮಾ ಎಂಬುದು ಅಮೆರಿಕದ ಪೀಠೋಪಕರಣ ತಯಾರಕರ ಸಂಘ. ಆಫೀಸ್ ಕುರ್ಚಿಗೆ ಅವರ ಮಾನದಂಡ ಎಕ್ಸ್ 5.1. ಭಾರ ಬಿಟ್ಟು ನೋಡುವುದು, ಸೀಟಿನ ಮೇಲೆ 57 ಕೆ.ಜಿ. ಚೀಲವನ್ನು ಲಕ್ಷ ಬಾರಿ ಬೀಳಿಸುವುದು, ಒರಗನ್ನು ಎಳೆಯುವುದು, ಇಂಥ ಪರೀಕ್ಷೆಗಳು ಅದರಲ್ಲಿವೆ. ಕುರ್ಚಿ ಮುರಿಯುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ನಿಮ್ಮ ಬೆನ್ನಿಗೆ ಒಗ್ಗುತ್ತದೆ ಎಂಬುದಕ್ಕಲ್ಲ. ಜಾಹೀರಾತಿನಲ್ಲಿ ಆ ಮಾತು ಎಷ್ಟೋ ಸಲ ಸೀಟನ್ನು ಏರಿಳಿಸುವ ಗ್ಯಾಸ್ ಲಿಫ್ಟಿಗೆ (ಗ್ಯಾಸ್ ಸಿಲಿಂಡರಿಗೆ) ಅಥವಾ ಚಕ್ರಗಳಿರುವ ತಳದ ನಕ್ಷತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ‘ಇಡೀ ಕುರ್ಚಿಯ ಟೆಸ್ಟ್ ರಿಪೋರ್ಟ್ ಇದೆಯಾ?’ ಎಂದು ಕೇಳಿ. ನಮ್ಮದೇ ಭಾರತೀಯ ಮಾನದಂಡ ಐಎಸ್ 17631 ಕೂಡ ಇದೆ, 2022ರದ್ದು. ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಕಂಡರೆ ಒಳ್ಳೆಯದು. ಕ್ಲಾಸ್ 4 ಎಂದರೆ ಗ್ಯಾಸ್ ಸಿಲಿಂಡರಿನ ಕೊಳವೆಯ ಲೋಹ ದಪ್ಪಗಿದೆ ಎಂದು, ಅಷ್ಟೇ. 80 ಕೆ.ಜಿ. ಮೇಲಿನವರು ಅದನ್ನೇ ಕೇಳುವುದು ಜಾಣತನ.

ಅಂಗಡಿಯಲ್ಲಿ ಕಾಲು ಗಂಟೆ ಕೂತೇ ಕೂರಿ, ಮುಜುಗರ ಬೇಡ. ಮೊದಲು ಸೀಟಿನ ಎತ್ತರ, ಆಳ ಅಳೆಯಿರಿ. ಆಮೇಲೆ ಸೊಂಟದ ಉಬ್ಬು ನಿಮ್ಮ ಬೆಲ್ಟಿನ ಮಟ್ಟಕ್ಕೆ ಬರುತ್ತದೆಯೇ, ಮೇಲೆ ಕೆಳಗೆ ಸರಿಯುತ್ತದೆಯೇ ನೋಡಿ. ಉಬ್ಬು ಪಕ್ಕೆಲುಬಿಗೆ ತಾಗಿದರೆ ಆ ಕುರ್ಚಿ ನಿಮ್ಮದಲ್ಲ. ಸೀಟಿನ ಕೆಳಗಿನ ದಪ್ಪ ತಿರುಪು ಒರಗಿನ ಬಿಗಿ ನಿಯಂತ್ರಿಸುತ್ತದೆ. ಲಾಕ್ ಬಿಡಿಸಿ ಹಿಂದಕ್ಕೆ ಒರಗಿ: ಕುರ್ಚಿ ನಿಮ್ಮನ್ನು ತಳ್ಳಲೂ ಬಾರದು, ದಡಕ್ಕನೆ ಬೀಳಿಸಲೂ ಬಾರದು. ಒರಗುವಾಗ ಸೀಟಿನ ಮುಂಭಾಗ ಮೇಲೆದ್ದು ಪಾದ ನೆಲ ಬಿಟ್ಟರೆ ಅದು ಅಗ್ಗದ ಸೆಂಟರ್ ಟಿಲ್ಟ್. ಒರಗು ಎರಡು ಪಾಲು ಬಾಗಿದರೆ ಸೀಟು ಒಂದು ಪಾಲು ಮಾತ್ರ ಬಾಗುವುದು ಸಿಂಕ್ರೊ ಟಿಲ್ಟ್. ದಿನವಿಡೀ ಕೂರುವವರು ಹಣ ಹಾಕಬೇಕಾದದ್ದು ಇದಕ್ಕೆ. ತಲೆದಿಂಬು, ಕಾಲು ಚಾಚುವ ಹಲಗೆ, ಕೋಟು ತೂಗುಹಾಕುವ ಕೊಕ್ಕೆ ಇವೆಲ್ಲ ಆಮೇಲಿನ ಮಾತು.

ಕೈಯಾಸರೆ ಕೆಳಗಿಳಿದು ಮೇಜಿನಡಿ ಹೋಗುವಂತಿರಲಿ. ಇಲ್ಲದಿದ್ದರೆ ಅದು ಮೇಜಿಗೆ ಬಡಿದು ನಿಮ್ಮನ್ನು ಕೀಬೋರ್ಡಿನಿಂದ ಒಂದಡಿ ದೂರವೇ ನಿಲ್ಲಿಸುತ್ತದೆ.

ಪ್ರಶ್ನೆ: ರೆಕ್ಸಿನ್ ಕುರ್ಚಿ ಎರಡೇ ಮಳೆಗಾಲಕ್ಕೆ ಸಿಪ್ಪೆ ಸುಲಿಯುತ್ತಿದೆ. ಪಾಲಿಶ್ ಹಚ್ಚಿದರೆ ನಿಲ್ಲುತ್ತದೆಯೇ? — ಮಂಗಳೂರು

ಉತ್ತರ: ನಿಲ್ಲುವುದಿಲ್ಲ. ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಪದರ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಬೆವರು, ಸೆಖೆ ಸೇರಿದರೆ ಇನ್ನೂ ಬೇಗ. ಬಳಸದೆ ಮೂಲೆಯಲ್ಲಿಟ್ಟರೂ ಸುಲಿಯುವುದು ಇದಕ್ಕೇ. ಕರಾವಳಿಗೆ ಮೆಶ್ (ಬಲೆಯಂಥ ಹೆಣಿಗೆಯ) ಒರಗು, ಬಟ್ಟೆಯ ಸೀಟು, ನೈಲಾನ್ ತಳ ತಕ್ಕದ್ದು. ಕ್ರೋಮ್ ತಳ ಅಂಗಡಿಯಲ್ಲಿ ಹೊಳೆಯುತ್ತದೆ, ಉಪ್ಪುಗಾಳಿಗೆ ಬೆಸುಗೆಯ ಕಡೆಯಿಂದ ತುಕ್ಕು ಹಿಡಿಯುತ್ತದೆ. ಸೀಟೂ ಮೆಶ್ ಆಗಿದ್ದರೆ ಮುಂದಿನ ಪ್ಲಾಸ್ಟಿಕ್ ಚೌಕಟ್ಟು ತೊಡೆಗೆ ಒತ್ತುತ್ತದೆಯೇ ಎಂದು ಕೂತು ನೋಡಿಯೇ ತೆಗೆದುಕೊಳ್ಳಿ. ಹಳೆಯದರ ಫೋಮ್ ಗಟ್ಟಿಯಿದ್ದರೆ ಎಸೆಯಬೇಡಿ, ಸೀಟು ಬಿಚ್ಚಿ ಬಟ್ಟೆ ಹೊದಿಸಿಕೊಡುವವರು ಊರಲ್ಲೇ ಇದ್ದಾರೆ.

ಪ್ರಶ್ನೆ: ಕೂತ ಐದೇ ನಿಮಿಷಕ್ಕೆ ಕುರ್ಚಿ ತಾನಾಗಿಯೇ ಕೆಳಗಿಳಿಯುತ್ತದೆ. ರಿಪೇರಿ ಆಗುತ್ತದೆಯೇ? — ಮೈಸೂರು

ಉತ್ತರ: ಸಿಲಿಂಡರಿನ ಒಳಗಿನ ಸೀಲು ಸವೆದು ಅನಿಲ ಸೋರುತ್ತಿದೆ. ಸಿಲಿಂಡರ್ ರಿಪೇರಿ ಆಗುವುದಿಲ್ಲ, ಬದಲಾಯಿಸಬಹುದು. ಇಡೀ ಕುರ್ಚಿ ಬಿಸಾಡುವ ಅಗತ್ಯ ಖಂಡಿತ ಇಲ್ಲ.

ಬಹುಪಾಲು ಕುರ್ಚಿಗಳಲ್ಲಿ ಸಿಲಿಂಡರಿನ ಹೊರ ಕೊಳವೆ 50 ಮಿ.ಮೀ., ಸೀಟಿಗೆ ಸಿಕ್ಕುವ ಮೇಲಿನ ತುದಿ 28 ಮಿ.ಮೀ. ಹೊಸದನ್ನು ತರುವ ಮುನ್ನ ಹೊರ ಕೊಳವೆಯ ಉದ್ದ, ಪೂರ್ತಿ ಎದ್ದಾಗಿನ ಒಟ್ಟು ಉದ್ದ ಎರಡನ್ನೂ ಬರೆದುಕೊಳ್ಳಿ. ಉದ್ದ ತಪ್ಪಿದರೆ ಕುರ್ಚಿಯ ಎತ್ತರವೇ ತಪ್ಪುತ್ತದೆ. ಕುಳ್ಳಗಿರುವವರು ಬೇಕೆಂದೇ ಗಿಡ್ಡ ಸಿಲಿಂಡರ್ ಹಾಕಿಸಿಕೊಂಡರೆ ನಾಲ್ಕೈದು ಸೆಂ.ಮೀ. ಲಾಭ.

ಸಿಲಿಂಡರಿಗೆ ಮೇಲೂ ಕೆಳಗೂ ಬೋಲ್ಟ್ ಇರುವುದಿಲ್ಲ. ತುದಿಯ ಕಡೆಗೆ ಕಿರಿದಾಗುವ ಕೊಳವೆ ತನ್ನ ಮೇಲೆ ಬಿದ್ದ ಭಾರಕ್ಕೇ ಬಿಗಿದು ಕೂತಿರುತ್ತದೆ. ಅದಕ್ಕೇ ಬಿಡಿಸುವುದು ಕಷ್ಟ. ಕುರ್ಚಿಯನ್ನು ತಲೆಕೆಳಗಾಗಿಸಿ. ಜೋಡಣೆಯ ಸುತ್ತ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಕಾಲು ಗಂಟೆ ಬಿಡಿ. ನಕ್ಷತ್ರದ ನಡುವೆ ಕಾಣುವ ಸಿಲಿಂಡರ್ ತಳದ ಹೊರ ಅಂಚಿಗೆ ಸುತ್ತಲೂ ಸುತ್ತಿಗೆಯಿಂದ ಬಡಿಯಿರಿ, ನಡುವಿನ ಕಡ್ಡಿಗೆ ಬಡಿಯಬೇಡಿ. ತಳ ಬಿಟ್ಟುಕೊಳ್ಳುತ್ತದೆ. ಸೀಟಿನ ಕಡೆಗೆ ಪ್ಲಂಬರ್ ಬಳಸುವ ಪೈಪ್ ರೆಂಚ್ ಬೇಕು. ಕೊಳವೆಯನ್ನು ಕಚ್ಚಿಸಿ, ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಎಳೆಯಿರಿ. ಹೊಸದು ಹಾಕುವಾಗ ಎರಡೂ ತುದಿ ಒರೆಸಿ ಒಣಗಿಸಿ. ಅಲ್ಲಿ ಗ್ರೀಸ್, ಎಣ್ಣೆ ಬೇಡವೇ ಬೇಡ, ಹಚ್ಚಿದರೆ ಬಿಗಿ ನಿಲ್ಲುವುದಿಲ್ಲ. ಇಟ್ಟು, ಮೇಲೆ ಭಾರವಾಗಿ ಎರಡು ಸಲ ಕೂತರೆ ತಾನೇ ಕಚ್ಚಿಕೊಳ್ಳುತ್ತದೆ. ಹಳೆಯ ಸಿಲಿಂಡರನ್ನು ಕೊರೆಯುವುದು, ಕಾಯಿಸುವುದು ಅಪಾಯ. ಒಳಗಿನ ನೈಟ್ರೋಜನ್ ಒತ್ತಡದಲ್ಲಿರುತ್ತದೆ.

ತಿಂಗಳ ಕೊನೆ, ಕೈಯಲ್ಲಿ ಹಣವಿಲ್ಲ ಎಂದಾದರೆ: ಸೀಟನ್ನು ಬೇಕಾದ ಎತ್ತರಕ್ಕೆ ಎತ್ತಿ, ಹೊರಗೆ ಕಾಣುವ ಹೊಳೆಯುವ ಕಡ್ಡಿಯ ಉದ್ದ ಅಳೆಯಿರಿ. ಅಷ್ಟೇ ಉದ್ದದ 40 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಕಡ್ಡಿಗೆ ತೊಡಿಸಿ, ಮೇಲೆ ಕ್ಲಾಂಪ್ ಬಿಗಿಯಿರಿ. ಎತ್ತರ ಬದಲಿಸಲಾಗುವುದಿಲ್ಲ, ಆದರೆ ಇಳಿಯುವುದಿಲ್ಲ.

ಪ್ರಶ್ನೆ: ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ. ತಪ್ಪೇ? — ತುಮಕೂರು

ಉತ್ತರ: ಸ್ವಲ್ಪ ಹೊತ್ತಿಗೆ ತಪ್ಪೇನಿಲ್ಲ. ಭಂಗಿ ಬದಲಿಸುತ್ತಿರುವುದು ಒಳ್ಳೆಯದೇ. ಗಂಟೆಗಟ್ಟಲೆ ಬೇಡ: ಕುರ್ಚಿಯ ಮೇಲೆ ಹಾಗೆ ಕೂತಾಗ ಸೊಂಟ ಹಿಂದಕ್ಕೆ ಮಡಚಿ ಬೆನ್ನು ಗೂನಾಗುತ್ತದೆ. ಅಭ್ಯಾಸ ಬಿಡಲಾಗದಿದ್ದರೆ ಸೀಟು 52 ಸೆಂ.ಮೀ. ಅಗಲ, ಮೇಲಕ್ಕೆ ಮಡಚುವ ಕೈಯಾಸರೆ ಇರುವ ಕುರ್ಚಿ ನೋಡಿ.

ಪ್ರಶ್ನೆ: ಆಫೀಸು ಖಾಲಿ ಮಾಡಿದ ಕಂಪನಿಯ ಹಳೆಯ ಏರಾನ್ ಕುರ್ಚಿ ಮಾರಾಟಕ್ಕಿದೆ. ಹೊಸ ಅಗ್ಗದ ಕುರ್ಚಿಗಿಂತ ಅದು ವಾಸಿಯೇ? — ಬೆಂಗಳೂರು

ಉತ್ತರ: ಅಳತೆ ಹೊಂದಿದರೆ ವಾಸಿ. ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ವಿನ್ಯಾಸದ ಏರಾನ್, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯ ಆಫೀಸ್ ಕುರ್ಚಿ, 1994ರಲ್ಲಿ ಬಂತು, 2016ರಲ್ಲಿ ಪರಿಷ್ಕಾರಗೊಂಡಿತು. ಅದು ಎ, ಬಿ, ಸಿ ಎಂಬ ಮೂರು ಅಳತೆಗಳಲ್ಲಿ ಬರುತ್ತದೆ, ಸೀಟಿನ ಆಳವನ್ನು ಹೊಂದಿಸಲು ಬರುವುದಿಲ್ಲ. ತಪ್ಪು ಅಳತೆ ಕೊಂಡರೆ ಸರಿಪಡಿಸುವ ದಾರಿಯೇ ಇಲ್ಲ. ಒರಗಿನ ಮೇಲಂಚಿನ ಹಿಂಬದಿಗೆ ಬೆರಳಾಡಿಸಿ: ಒಂದು ಚುಕ್ಕೆ ಎ, ಎರಡು ಬಿ, ಮೂರು ಸಿ. ಸೀಟಿನ ಕೆಳಗಿನ ಚೀಟಿಯಲ್ಲಿ ತಯಾರಿಕೆಯ ದಿನಾಂಕ ಇರುತ್ತದೆ. ಮೆಶ್ ಚೌಕಟ್ಟಿನಿಂದ ಬಿಟ್ಟಿಲ್ಲವೇ, ಒರಗುವ ಲಾಕ್ ಹಿಡಿಯುತ್ತದೆಯೇ, ಸೊಂಟದ ಆಸರೆಯ ಬಿಡಿಭಾಗ ಇದೆಯೇ ನೋಡಿ. ತಯಾರಕ ಕಂಪನಿಯ ವಾರಂಟಿ ಮೊದಲು ಕೊಂಡವರಿಗೆ ಮಾತ್ರ. ಬೆಲೆ ಕಟ್ಟುವಾಗ ಅದನ್ನು ಮರೆಯಬೇಡಿ.

ಪ್ರಶ್ನೆ: ಮಗ ಗೇಮಿಂಗ್ ಚೇರ್ ಬೇಕೆಂದು ಹಟ ಹಿಡಿದಿದ್ದಾನೆ. — ದಾವಣಗೆರೆ

ಉತ್ತರ: ರೇಸ್ ಕಾರಿನ ಸೀಟಿನ ಅನುಕರಣೆ ಅದು. ಪಕ್ಕದ ಉಬ್ಬುಗಳು ಇರುವುದು ತಿರುವಿನಲ್ಲಿ ಚಾಲಕ ಜಾರದಿರಲೆಂದು, ಮನೆಯಲ್ಲಿ ತೊಡೆಯನ್ನು ಒತ್ತುವುದಷ್ಟೇ ಅವುಗಳ ಕೆಲಸ. ಅದೇ ಹಣಕ್ಕೆ ಸಿಂಕ್ರೊ ಟಿಲ್ಟ್ ಕುರ್ಚಿ ಸಿಗುತ್ತದೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ರೂಮಿನಲ್ಲಿರುವುದು ಪ್ಲಾಸ್ಟಿಕ್ ಕುರ್ಚಿ. ಮೂರು ಸಾವಿರದೊಳಗೆ ಯಾವುದು ಕೊಳ್ಳಲಿ? — ಧಾರವಾಡ

ಉತ್ತರ: ಆ ಬೆಲೆಯ ಚಕ್ರದ ಕುರ್ಚಿ ಕೊಳ್ಳಬೇಡಿ. ಫೋಮ್ ಬೇಗ ಕುಸಿಯುತ್ತದೆ, ಒರಗು ಅಲುಗಾಡತೊಡಗುತ್ತದೆ. ಈಗಿರುವುದನ್ನೇ ಸರಿಮಾಡಿ. ಪ್ಲಾಸ್ಟಿಕ್ ಕುರ್ಚಿಯ ಸೀಟು ಹಿಂದಕ್ಕೆ ಇಳಿಜಾರು, ಓದುವಾಗ ಮುಂದಕ್ಕೆ ಬಾಗಬೇಕಾದವರಿಗೆ ಅದೇ ತೊಂದರೆ. ಸೀಟಿನ ಹಿಂಬದಿಗೆ ಮಡಚಿದ ಜಮಖಾನ ಹಾಕಿ ಮಟ್ಟಮಾಡಿ, ಮೇಲೆ 4–5 ಸೆಂ.ಮೀ. ಗಟ್ಟಿ ಫೋಮ್ ಇಡಿ. ಟವೆಲ್ಲನ್ನು 8–10 ಸೆಂ.ಮೀ. ದಪ್ಪಕ್ಕೆ ಸುತ್ತಿ, ಬೆಲ್ಟಿನ ಮಟ್ಟದಲ್ಲಿ ಒರಗಿಗೆ ಕಟ್ಟಿ. ಉಳಿದ ಹಣದಲ್ಲಿ ಓರೆಯಾಗಿ ನಿಲ್ಲುವ ಬುಕ್ ಸ್ಟ್ಯಾಂಡ್ ಕೊಳ್ಳಿ. ಕತ್ತು ನೋಯುವುದು ಪುಸ್ತಕ ಮೇಜಿನ ಮೇಲೆ ಮಲಗಿರುವುದರಿಂದ. ಅರ್ಧ ಗಂಟೆಗೊಮ್ಮೆ ಎದ್ದು, ಕಂಠಪಾಠದ ಭಾಗವನ್ನು ನಡೆಯುತ್ತಾ ಓದಿ.

ಪ್ರಶ್ನೆ: ಹಳೆ ಮನೆಯ ಕಾವಿ ನೆಲ. ಕುರ್ಚಿಯ ಚಕ್ರದಿಂದ ಗೀರು ಬೀಳುತ್ತಿದೆ. — ಶಿರಸಿ

ಉತ್ತರ: ಕುರ್ಚಿಯ ಜೊತೆ ಬರುವ ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್ಟಿಗೆಂದು ಮಾಡಿದ್ದು. ಕಾವಿ, ಟೈಲ್ಸ್, ಗ್ರಾನೈಟ್, ಮರ ಎಲ್ಲಕ್ಕೂ ಮೆತ್ತನೆಯ ಪಿಯು (ಪಾಲಿಯುರಿಥೇನ್) ಚಕ್ರ ಬೇಕು. ಕುರ್ಚಿ ಮಲಗಿಸಿ ಚಕ್ರವನ್ನು ನೇರ ಎಳೆದರೆ ಕಳಚುತ್ತದೆ. ಕಡ್ಡಿಯ ದಪ್ಪ ಅಳೆಯಿರಿ, ಸಾಮಾನ್ಯವಾಗಿ 11 ಮಿ.ಮೀ., ಕೆಲವು ವಿದೇಶಿ ಕುರ್ಚಿಗಳದ್ದು 10. ಐದನ್ನೂ ಒಟ್ಟಿಗೆ ಬದಲಿಸಿ. ಚಕ್ರದ ಎತ್ತರವೂ ಹಳೆಯದರಷ್ಟೇ ಇರಲಿ, ದೊಡ್ಡದು ಹಾಕಿದರೆ ಸೀಟು ಅಷ್ಟೇ ಮೇಲೇರುತ್ತದೆ.