ಕಾರವಾರದ ಮೆಡಿಕಲ್ ಕಾಲೇಜು ಸೇರಿದರೆ ರಾತ್ರಿ ಹೊತ್ತು ಮಜಾ ಇರುತ್ತದಾ?

ಗೋವಾ ಪಕ್ಕದಲ್ಲೇ ಇದೆ, ಹಾಗಾಗಿ ಪಾರ್ಟಿ ಜಾಸ್ತಿ ಇರಬೇಕಲ್ವಾ ಎಂದು ಕೇಳಿದ್ದೀರಿ. ಪಬ್ಬು, ಡಿಜೆ ಅಂದುಕೊಂಡು ಬಂದರೆ ಬೇಜಾರಾಗುತ್ತದೆ. ಊರು ಬೇಗ ಮಲಗುತ್ತದೆ.

ಇಲ್ಲಿ ಸಂಜೆ ಅಂದರೆ ಟ್ಯಾಗೋರ್ ಕಡಲತೀರ. ಚಪ್ಪಲಿ ಕೈಲಿ ಹಿಡಿದು, ಒಂದು ಪ್ಲೇಟ್ ಗೋಬಿಗೆ ಐದು ಟೂತ್‌ಪಿಕ್ ಚುಚ್ಚಿ, ದಡದಲ್ಲಿ ಮ್ಯೂಸಿಯಂ ಆಗಿ ನಿಂತಿರೋ ‘ಐಎನ್‌ಎಸ್ ಚಪಲ್’ ಯುದ್ಧನೌಕೆಯ ಹತ್ತಿರ ಕೂತು ಅನಾಟಮಿ ವೈವಾದಲ್ಲಿ ಯಾರು ತಡವರಿಸಿದರು ಅಂತ ನಗೋದು. ಅರ್ಧ ಗೆಳೆತನ ಅಲ್ಲೇ ಹುಟ್ಟುತ್ತದೆ. ಗಾಳಿ ಪುಕ್ಕಟೆ! ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಬೇಡಿ.

ಕರಾವಳಿ ಉತ್ಸವ ನಡೆದ ವರ್ಷ ಮಯೂರವರ್ಮ ವೇದಿಕೆಯ ಮುಂದೆ ಜಾಗವೇ ಸಿಗೋದಿಲ್ಲ. ಚಳಿಗಾಲದಿಂದ ಮಳೆ ಶುರುವಾಗೋವರೆಗೆ ಜಿಲ್ಲೆಯಲ್ಲಿ ಯಕ್ಷಗಾನ ಇದ್ದೇ ಇರುತ್ತದೆ. ಕುಮಟಾ, ಹೊನ್ನಾವರದ ಗೆಳೆಯರಿದ್ದರೆ ಒಮ್ಮೆ ಜೊತೆಗೆ ಹೋಗಿ. ಬೆಳಗಿನ ಜಾವದ ಚಂಡೆಗೆ ನಿದ್ದೆ ಹತ್ತಿರ ಸುಳಿಯೋದಿಲ್ಲ.

ಗೋವಾ? ಕಾಳಿ ನದಿಯ ಸೇತುವೆ ದಾಟಿ, ಮಾಜಾಳಿ ಕಳೆದರೆ ಗಡಿ. ವಾಪಸ್ ಬರುವಾಗ ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ತೆಗೆಸುತ್ತಾರೆ, ಬಾಟಲಿ ತರೋ ಸಾಹಸ ಬೇಡ. 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಕುಸಿದದ್ದೂ ರಾತ್ರಿ ಹೊತ್ತಲ್ಲೇ. ಅದನ್ನು ನೆನಪಿಸಿ ನಿಮ್ಮಮ್ಮ ಬೇಡ ಅಂದರೆ ವಾದ ಮಾಡೋದು ಕಷ್ಟ.