ಕಾರವಾರದಲ್ಲಿ ಕಡಲಿಗೆ ಹತ್ತಿರವಿರುವ ಹಳೆಯ ಮನೆಗೆ ಹೊಸ ಕಿಟಕಿ ಹಾಕಿಸಬೇಕು. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್), ಅಲ್ಯೂಮಿನಿಯಂ, ಮರ, ಯಾವುದು ಸರಿ?

ನಿಮ್ಮ ಮನೆ ಕೋಡಿಬಾಗದ ಕಡೆ ಸಮುದ್ರದಿಂದ ಅರ್ಧ ಕಿಲೋಮೀಟರಿನ ಒಳಗೇ ಇದೆ, ಚಿರೆಕಲ್ಲಿನ ಗೋಡೆ, 35 ವರ್ಷ ಹಳೆಯದು, ಮರದ ಚೌಕಟ್ಟುಗಳಲ್ಲಿ ಕೆಲವು ಬುಡದಲ್ಲಿ ಕೊಳೆತಿವೆ, ಸರಳುಗಳು ತುಕ್ಕು ಹಿಡಿದು ಉಬ್ಬಿವೆ, ಪಡುವಣ ಕೋಣೆಗೆ ಪ್ರತಿ ಮಳೆಗಾಲವೂ ನೀರು ಬರುತ್ತದೆ ಎಂದು ಬರೆದಿದ್ದೀರಿ. ಹನ್ನೊಂದು ಕಿಟಕಿಗಳನ್ನೂ ಕಿತ್ತು ಎಲ್ಲಕ್ಕೂ ಸ್ಲೈಡಿಂಗ್, ಅಂದರೆ ಹಳಿಯ ಮೇಲೆ ಪಕ್ಕಕ್ಕೆ ಜಾರುವ, ಯುಪಿವಿಸಿ ಹಾಕಿಸಿ ಎಂಬ ಸಲಹೆ ನಿಮಗೆ ಬಂದಿದೆ. ಅದನ್ನು ಒಪ್ಪಬೇಕೇ, ಅಥವಾ ಅಲ್ಯೂಮಿನಿಯಂ ಉತ್ತಮವೇ ಎಂಬುದು ನಿಮ್ಮ ಪ್ರಶ್ನೆ.

ನಾನು ಕುಮಟಾ ತಾಲೂಕಿನ ಕಡಲ ಬದಿಯವನು. ಕಿಟಕಿಯ ವ್ಯಾಪಾರ ನನ್ನದಲ್ಲ; ಆದರೆ ನಮ್ಮ ಮನೆಯ ಪಡುವಣ ಗೋಡೆಯ ಕಿಟಕಿಗಳನ್ನು 2013ರಲ್ಲಿ ಒಮ್ಮೆ, ಅದು ತಪ್ಪಾಯಿತೆಂದು 2019ರಲ್ಲಿ ಇನ್ನೊಮ್ಮೆ ಬದಲಿಸಿದ್ದೇನೆ, ಶಿರಸಿಯಲ್ಲಿರುವ ಅಕ್ಕನ ಮನೆಯ ಕಿಟಕಿಗಳನ್ನು ಹೊಸದಾಗಿ ಮಾಡಿಸುವಾಗ ಆಚಾರಿಯ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಹನ್ನೊಂದನ್ನೂ ಕೀಳಬೇಡಿ, ಎಲ್ಲ ಗೋಡೆಗಳಿಗೂ ಒಂದೇ ಬಗೆಯ ಕಿಟಕಿ ಬೇಡ, ಪಡುವಣ ಮತ್ತು ತೆಂಕಣ ಗೋಡೆಗಳಿಗಂತೂ ಸ್ಲೈಡಿಂಗ್ ಬೇಡವೇ ಬೇಡ. ಯುಪಿವಿಸಿಯೋ ಅಲ್ಯೂಮಿನಿಯಮ್ಮೋ ಎಂಬ ಪ್ರಶ್ನೆ ಇವುಗಳ ನಂತರ ಬರುವಂಥದ್ದು.

ಮೊದಲು ಸ್ಲೈಡಿಂಗ್ ಏಕೆ ಬೇಡ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಹಣ ಕಳೆದುಕೊಂಡದ್ದು ಅಲ್ಲಿಯೇ. 2013ರ ಬೇಸಿಗೆಯಲ್ಲಿ ಹಾಕಿಸಿದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಮೃಗಶಿರಾ ಮಳೆಯನ್ನು ಹೇಗೋ ತಡೆಯಿತು. ಆರಿದ್ರಾ ಮಳೆಯ ಮೊದಲ ಜೋರು ರಾತ್ರಿಯಲ್ಲಿ ಅದರ ಕೆಳಗಿನ ಹಳಿ ತುಂಬಿ ನೀರು ಒಳಗೋಡೆಯ ಮೇಲೆ ಇಳಿಯಿತು. ಹಾಕಿದವರು ಬಂದು ಸಿಲಿಕೋನ್ ಬಳಿದು ಹೋದರು, ಮತ್ತೆ ನೀರು ಬಂತು. ತಪ್ಪು ಸಿಲಿಕೋನಿನದ್ದಲ್ಲ, ಲೆಕ್ಕದ್ದು ಎಂದು ಬಹಳ ತಡವಾಗಿ ತಿಳಿದುಕೊಂಡೆ.

ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ನ್ಯೂಟನ್ ಒತ್ತಡ ಬೀಳುತ್ತದೆ ಎಂಬುದು ಸಿಗುತ್ತದೆ. ಕಟ್ಟಡಗಳ ಗಾಳಿಭಾರಕ್ಕೆ ಇರುವ ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿಯೂ ಇದೇ ಸೂತ್ರವಿದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಎಂದರೆ ಸೆಕೆಂಡಿಗೆ 20 ಮೀಟರ್, ಅಂದರೆ 240 ನ್ಯೂಟನ್. ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 9.8 ನ್ಯೂಟನ್. ಹೀಗಾಗಿ ಆ ಗಾಳಿ ಬೀಸುತ್ತಿರುವಾಗ ಹಳಿಯಲ್ಲಿ ನಿಂತ ನೀರು ಹೊರಗಿನ ತೂತಿನಿಂದ ಹರಿದುಹೋಗಬೇಕಾದರೆ ಅದು ಹಳಿಯೊಳಗೆ ಸುಮಾರು 24 ಮಿಲಿಮೀಟರ್ ಎತ್ತರಕ್ಕೆ ಏರಲೇಬೇಕು, ಏಕೆಂದರೆ ಅದೇ ಗಾಳಿ ಅದೇ ತೂತಿನಿಂದ ನೀರನ್ನು ಒಳಮುಖವಾಗಿ ಒತ್ತುತ್ತಿರುತ್ತದೆ. ನನ್ನ ಕಿಟಕಿಯ ಹಳಿಯ ಒಳಬದಿಯ ಅಂಚು ಕೇವಲ 20 ಮಿಲಿಮೀಟರ್ ಎತ್ತರವಿತ್ತು. ಎಷ್ಟು ಸಿಲಿಕೋನ್ ಬಳಿದರೂ ನೀರು ಆ ಅಂಚನ್ನು ದಾಟಿ ಒಳಗೆ ಬರಲೇಬೇಕಿತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಂಥ ಗಾಳಿ ಅಪರೂಪವಲ್ಲ, ಮತ್ತು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಅದಕ್ಕಿಂತ ಜೋರಾದ ಗಾಳಿಯನ್ನು ನಾವೆಲ್ಲ ಕಂಡಿದ್ದೇವೆ. ಯಾರಾದರೂ ನಿಮಗೆ ಸ್ಲೈಡಿಂಗ್ ಮಾರಲು ಬಂದರೆ, ಹಳಿಯ ಒಳ ಅಂಚಿನ ಎತ್ತರವನ್ನು ಅವರೆದುರೇ ಅಳತೆಪಟ್ಟಿ ಹಿಡಿದು ನೋಡಿ.

ಇದಕ್ಕೆ ಬದಲಾಗಿ ಹೊರಕ್ಕೆ ತೆರೆಯುವ ಬಾಗಿಲಿನ ಕಿಟಕಿಯನ್ನು, ಅಂದರೆ ಅಂಗಡಿಯವರು ಕೇಸ್‌ಮೆಂಟ್ ಎನ್ನುವುದನ್ನು, ಗಾಳಿಯೇ ಚೌಕಟ್ಟಿನ ರಬ್ಬರಿಗೆ ಇನ್ನಷ್ಟು ಒತ್ತಿ ಹಿಡಿಯುತ್ತದೆ. ಗಾಳಿ ಹೆಚ್ಚಾದಷ್ಟೂ ಅದು ಬಿಗಿಯಾಗುತ್ತದೆ. ನಮ್ಮ ಹಿರಿಯರ ಮರದ ಕಿಟಕಿಗಳಲ್ಲಿಯೂ ಹೊರಕ್ಕೆ ತೆರೆಯುವ ಎರಡು ಬಾಗಿಲು, ಒಳಗೆ ಸರಳು ಇರುತ್ತಿದ್ದುದನ್ನು ನೆನಪಿಸಿಕೊಳ್ಳಿ. ಇನ್ನೊಂದು ಲಾಭವೂ ಇದೆ: ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿಯಲ್ಲಿ ಅರ್ಧ ಜಾಗವಷ್ಟೇ ತೆರೆಯುತ್ತದೆ, ಇದರಲ್ಲಿ ಪೂರ್ತಿ ತೆರೆಯುತ್ತದೆ, ಏಪ್ರಿಲ್, ಮೇ ತಿಂಗಳ ಬೆವರಿನ ಮಧ್ಯಾಹ್ನಗಳಲ್ಲಿ ಕಡಲ ಗಾಳಿ ಒಳಗೆ ಬರುವುದೇ ನಮಗೆ ಮುಖ್ಯ. ಹೊರಗೆ ಜಗಲಿ ಇರುವ ಕಡೆ ಅಥವಾ ಜನ ಓಡಾಡುವ ಕಿರಿದಾದ ಓಣಿಯ ಕಡೆ ಹೊರಕ್ಕೆ ತೆರೆಯುವ ಬಾಗಿಲು ತಲೆಗೆ ತಾಗುತ್ತದೆ. ಮಳೆಯ ಎರಚಲು ತಾಗದ ಅಂಥ ಗೋಡೆಗಳಿಗೆ ಮಾತ್ರ ಸ್ಲೈಡಿಂಗ್ ಇರಲಿ.

ಹಳೆಯ ಮರದ ಚೌಕಟ್ಟುಗಳ ಬಗ್ಗೆ ನಿಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ: ಒಂದೊಂದನ್ನೂ ಪರೀಕ್ಷಿಸದೆ ಕೀಳಿಸಬೇಡಿ. ಚೂಪಾದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಪಟ್ಟಿಯ ಎರಡು ಮೂಲೆಗಳಲ್ಲಿ, ಗೋಡೆಗೆ ತಾಗುವ ಬದಿಯಲ್ಲಿ ಒತ್ತಿ ನೋಡಿ. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಮರ ಹೋಗಿದೆ. ಎರಡು ಮೂರು ಮಿಲಿಮೀಟರಿಗೆ ನಿಂತರೆ ಗಟ್ಟಿ ಇದೆ. ಲಂಬಪಟ್ಟಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒರಲೆ ಒಳಗೆ ತಿಂದಿದೆ ಎಂದು ತಿಳಿಯಿರಿ. ಹೆಚ್ಚಿನ ಮನೆಗಳಲ್ಲಿ ಕೊಳೆಯುವುದು ನೀರು ನಿಲ್ಲುವ ಕೆಳಪಟ್ಟಿ ಮಾತ್ರ. ಒಳ್ಳೆಯ ಆಚಾರಿ ಆ ಪಟ್ಟಿಯನ್ನಷ್ಟೇ ಕತ್ತರಿಸಿ, ಹೊಸ ಸಾಗವಾನಿಯನ್ನೋ ಹೊನ್ನೆಯನ್ನೋ ಕೂಡಿಸಿ ಕೊಡಬಲ್ಲ. ನಮ್ಮ ಮನೆಯಲ್ಲಿ ಅಪ್ಪ ಹಾಕಿಸಿದ್ದ ಹಲಸಿನ ಮರದ ಚೌಕಟ್ಟುಗಳನ್ನು ನಾನು ಇಡಿಯಾಗಿ ಕೀಳಿಸಿದೆ. ಕಿತ್ತ ಮೇಲೆ ನೋಡಿದರೆ ನಾಲ್ಕು ಪಟ್ಟಿಗಳಲ್ಲಿ ಮೂರು ಪಟ್ಟಿಗಳು, ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿಯಾಗಿದ್ದವು. ಅವು ಬಚ್ಚಲೊಲೆಗೆ ಹೋದವು. ಆ ನೋವು ಇನ್ನೂ ಇದೆ.

ಉಳಿಸಿಕೊಂಡ ಮರಕ್ಕೆ ಗೋಡೆಯೊಳಗೆ ಹೋಗುವ ಬದಿಗಳಲ್ಲಿ ಗೇರು ಎಣ್ಣೆ ಹಚ್ಚುವ ನಮ್ಮ ಕಡೆಯ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಅದು ಚರ್ಮವನ್ನು ಸುಡುತ್ತದೆ, ಆದ್ದರಿಂದ ಕೈಗವಸು ಇಲ್ಲದೆ ಮುಟ್ಟಬಾರದು. ಹೊಸ ಮರ ಬೇಕಾದರೆ ಕಳಚಿದ ಹಳೆಯ ಮನೆಯ ಮರವನ್ನು ಹುಡುಕಿ, ಅದು ಚೆನ್ನಾಗಿ ಒಣಗಿರುತ್ತದೆ. ಹಸಿಮರದ ಬಾಗಿಲು ಮೊದಲ ಮಳೆಗೆ ಉಬ್ಬಿ, ಮುಂದಿನ ಬೇಸಿಗೆಗೆ ಬಿರಿಯುತ್ತದೆ. ಶಿರಸಿಯಲ್ಲಿ ಅಕ್ಕನ ಮನೆಗೆ ಪೂರ್ತಿ ಮರವನ್ನೇ ಆರಿಸಿದೆವು, ಏಕೆಂದರೆ ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಅಗಲವಾದ ಸೂರು ಕಿಟಕಿಯನ್ನು ಕಾಯುತ್ತದೆ.

ಈಗ ಕಿತ್ತು ಹೊಸದು ಹಾಕಲೇಬೇಕಾದ ಕಿಟಕಿಗಳ ಮಾತು. ಕಡಲಿಗೆ ಇಷ್ಟು ಹತ್ತಿರದಲ್ಲಿ, ಪಡುವಣ ಗೋಡೆಗೆ, ನಾನು ಯುಪಿವಿಸಿಯನ್ನೇ ಆರಿಸುತ್ತೇನೆ. ಉಪ್ಪು ಅದನ್ನು ತಿನ್ನುವುದಿಲ್ಲ. ಆದರೆ ಯುಪಿವಿಸಿ ಎಂಬ ಹೆಸರಿನಲ್ಲಿ ಬಹಳ ಬಗೆಯ ಸರಕು ಬರುತ್ತದೆ. ಸುಣ್ಣದ ಕಲ್ಲಿನ ಪುಡಿಯ ಪ್ರಮಾಣ ಹೆಚ್ಚಿಸಿ, ಬಿಸಿಲು ತಡೆಯುವ ಟೈಟಾನಿಯಂ ಡೈಆಕ್ಸೈಡ್ ಕಡಿಮೆ ಮಾಡಿದ ಅಗ್ಗದ ಪಟ್ಟಿ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪೆಡಸಾಗುತ್ತದೆ. ಕತ್ತರಿಸಿದ ಒಂದು ಮೂಲೆಯ ತುಂಡನ್ನು ತೋರಿಸಲು ಕೇಳಿ. ಒಳಗೆ ಸತುವಿನ ಲೇಪದ ಉಕ್ಕಿನ ಪಟ್ಟಿ ಇದೆಯೇ, ಅದು ಪೂರ್ತಿ ಉದ್ದಕ್ಕೂ ಇದೆಯೇ ಎಂದು ನೋಡಿ. ಆ ಉಕ್ಕಿಲ್ಲದಿದ್ದರೆ ದೊಡ್ಡ ಕಿಟಕಿ ಗಾಳಿಗೆ ಬಾಗುತ್ತದೆ. ಬಿಸಿಲಿಗೆ ಈ ಪಟ್ಟಿ ಹಿಗ್ಗುತ್ತದೆ: 1.5 ಮೀಟರ್ ಉದ್ದದ್ದು 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ಮಿಲಿಮೀಟರ್. ಆದ್ದರಿಂದ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಡಲೇಬೇಕು. ಬಿಗಿಯಾಗಿ ಬಡಿದು ಕೂರಿಸಿದರೆ ಬಾಗಿಲು ಮುಚ್ಚುವುದಿಲ್ಲ. ಗಾಢ ಬಣ್ಣದ್ದು ಇನ್ನೂ ಹೆಚ್ಚು ಬಿಸಿಯಾಗುತ್ತದೆ, ಪಡುವಣಕ್ಕೆ ಬಿಳಿಯೇ ಇರಲಿ.

ಅಲ್ಯೂಮಿನಿಯಂ ಕೆಟ್ಟದ್ದಲ್ಲ. ಅಗಲವಾದ ಗಾಜಿಗೆ ಅದರಷ್ಟು ತೆಳುವಾದ, ಬಲವಾದ ಚೌಕಟ್ಟು ಬೇರೆಯಿಲ್ಲ. ಕಡಲ ಬದಿಗೆ ಅನೋಡೈಸ್ ಪದರ, ಅಂದರೆ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳೆಸುವ ರಕ್ಷಣೆಯ ಪದರ, 20ರಿಂದ 25 ಮೈಕ್ರಾನ್ ಇರಬೇಕು ಎಂದು ಬರವಣಿಗೆಯಲ್ಲಿ ಪಡೆಯಿರಿ. ಹಸಿ ಸಿಮೆಂಟ್ ತಾಗಿದರೆ ಅಲ್ಯೂಮಿನಿಯಂ ಸುಟ್ಟು ಕಲೆಯಾಗುತ್ತದೆ, ಆದ್ದರಿಂದ ಗಾರೆ ಕೆಲಸ ಮುಗಿಯುವವರೆಗೆ ಟೇಪ್ ಅಂಟಿಸಿರಬೇಕು. ಇನ್ನೊಂದು ವಿಚಿತ್ರವಾದರೂ ನಿಜವಾದ ಸಂಗತಿ: ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಮಳೆ ತಾಗದೆ ಇರುವ ಭಾಗವೇ ಮೊದಲು ಬಿಳಿ ಪುಡಿಯಾಗಿ ಕೆಡುತ್ತದೆ, ಏಕೆಂದರೆ ಅಲ್ಲಿ ಕೂತ ಉಪ್ಪನ್ನು ತೊಳೆಯುವವರಿಲ್ಲ. ಅಕ್ಟೋಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಒರೆಸಿದರೆ ಆಯುಷ್ಯ ಬಹಳ ಹೆಚ್ಚುತ್ತದೆ.

ಯಾವ ಚೌಕಟ್ಟನ್ನೇ ಆರಿಸಿದರೂ ಕಡಲ ಬದಿಯಲ್ಲಿ ಮೊದಲು ಸಾಯುವುದು ಬಿಜಾಗರಿ, ಚಿಲಕ, ಸ್ಕ್ರೂ. ಯುಪಿವಿಸಿ 20 ವರ್ಷ ಬಾಳಿದರೂ ಅದರ ಕೀಲು ಮೂರನೆಯ ವರ್ಷಕ್ಕೆ ಕಚ್ಚಿಕೊಂಡರೆ ಏನು ಬಂತು? ಸ್ಟೇನ್‌ಲೆಸ್ ಎಂದಷ್ಟೇ ಹೇಳಿದರೆ ಸಾಲದು. 304 ದರ್ಜೆಯ ಉಕ್ಕು ಒಳಗೋಡೆಗಳಿಗೆ ಸಾಕು. ಪಡುವಣಕ್ಕೆ 316 ದರ್ಜೆಯದೇ ಬೇಕು, ಅದರಲ್ಲಿರುವ 2ರಿಂದ 3 ಶೇಕಡಾ ಮಾಲಿಬ್ಡಿನಂ ಉಪ್ಪಿನ ಕೊರೆತವನ್ನು ತಡೆಯುತ್ತದೆ. ಅಯಸ್ಕಾಂತ ಹಿಡಿದು ಇವೆರಡರ ವ್ಯತ್ಯಾಸ ಕಂಡುಹಿಡಿಯಲು ಬರುವುದಿಲ್ಲ, ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ. ಅಲ್ಯೂಮಿನಿಯಂ ಚೌಕಟ್ಟಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪುನೀರು ಎರಡನ್ನೂ ಕೂಡಿಸಿ ಕೆಡಿಸುತ್ತದೆ. ನನ್ನ 2013ರ ಕಿಟಕಿಯಲ್ಲಿ ಪ್ರತಿ ಸ್ಕ್ರೂವಿನ ಸುತ್ತ ಬಿಳಿ ಹುಣ್ಣು ಎದ್ದದ್ದು ಇದರಿಂದಲೇ.

ನಿಮ್ಮ ಕೋಣೆಯೊಳಗೆ ಬರುತ್ತಿರುವ ನೀರು ಕಿಟಕಿಯಿಂದಲೇ ಬರುತ್ತಿದೆಯೇ ಎಂಬುದನ್ನೂ ನೋಡಬೇಕು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಹೊರಗಿನ ಪ್ಲಾಸ್ಟರ್ ಬಿರುಕುಬಿಟ್ಟಿದ್ದರೆ, ಸಜ್ಜಾದ ಕೆಳ ಅಂಚಿನಲ್ಲಿ ನೀರು ಕಡಿದುಬೀಳಲು ಗೀರು ಇಲ್ಲದಿದ್ದರೆ, ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರದೆ ಸಮತಟ್ಟಾಗಿದ್ದರೆ, ಎಷ್ಟೇ ಬೆಲೆಯ ಕಿಟಕಿ ಹಾಕಿದರೂ ನೀರು ಪಕ್ಕದಿಂದ ಬರುತ್ತದೆ. ಕಟ್ಟೆಗೆ ಇಳಿಜಾರಾದ ಗ್ರಾನೈಟ್ ಪಟ್ಟಿ ಕೂರಿಸಿ, ಅದು ಗೋಡೆಯಿಂದ ಎರಡು ಬೆರಳಷ್ಟು ಹೊರಚಾಚಿರಲಿ. ಸಂದಿಗೆ ತುಂಬುವ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ, ಅದನ್ನು ಮುಚ್ಚಿ ಮೇಲೆ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಹಾಕಬೇಕು. ಬಳಿಯುವಾಗ ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ, ಅದರ ಆಮ್ಲ ಸಿಮೆಂಟಿಗೂ ಲೋಹಕ್ಕೂ ಆಗದು. ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ.

ಗಾಜಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಪಡುವಣಕ್ಕೆ 5 ಅಥವಾ 6 ಮಿಲಿಮೀಟರಿನ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಸಾಕು. ಎರಡು ಪದರದ ಗಾಜು ಕಿಟಕಿ ತೆರೆದಿಟ್ಟು ಬದುಕುವ ನಮ್ಮ ಮನೆಗಳಿಗೆ ದುಡ್ಡು ದಂಡ. ಹೆದ್ದಾರಿ 66ರ ಪಕ್ಕದಲ್ಲೇ ಮಲಗುವ ಕೋಣೆ ಇದ್ದು ಎಸಿ ಹಾಕುವವರಿಗೆ ಮಾತ್ರ ಅದರ ಪ್ರಯೋಜನವಿದೆ. ಸೊಳ್ಳೆ ಜಾಲರಿಗೆ ಅಲ್ಯೂಮಿನಿಯಂ ಬೇಡ, ಅದು ಪುಡಿಯಾಗುತ್ತದೆ. ಫೈಬರ್‌ಗ್ಲಾಸ್ ಜಾಲರಿ ಅಗ್ಗ, ಆದರೆ ಮಂಗಗಳ ಕಾಟವಿದ್ದರೆ ಸ್ಟೇನ್‌ಲೆಸ್ ಜಾಲರಿಯೇ ಆಗಬೇಕು. ಗ್ರಿಲ್ ಅನ್ನು ಯುಪಿವಿಸಿ ಚೌಕಟ್ಟಿಗೆ ತೂತು ಕೊರೆದು ಕೂರಿಸಲು ಬಿಡಬೇಡಿ. ಆ ತೂತುಗಳು ಚೌಕಟ್ಟಿನೊಳಗಿನ ನೀರಿನ ದಾರಿಯನ್ನೇ ಒಡೆಯುತ್ತವೆ. ಗ್ರಿಲ್ ಗೋಡೆಗೇ ಕೂರಲಿ.

ಕೆಲಸವನ್ನು ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಆರಂಭಿಸಿ, ಏಪ್ರಿಲ್ ಮುಗಿಯುವುದರೊಳಗೆ ಮುಗಿಸಿ. ಹಸಿ ಗೋಡೆಗೆ ಸೀಲಂಟ್ ಹಿಡಿಯುವುದಿಲ್ಲ. ಅಳತೆ ತೆಗೆಯುವವರು ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ, ಜೊತೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಹಳೆಯ ಚಿರೆಕಲ್ಲಿನ ಗೋಡೆಯ ಕಂಡಿಗಳು ನೇರವಾಗಿರುವುದು ಕಡಿಮೆ, ಒಂದೇ ಕಡೆ ಅಳೆದು ಬರೆದುಕೊಂಡು ಹೋಗುವವರಿಗೆ ಕೆಲಸ ಕೊಡಬೇಡಿ.

ಈ ವರ್ಷ ಪಡುವಣ ಕೋಣೆಯ ಕಿಟಕಿಗಳನ್ನು ಮಾತ್ರ ಮಾಡಿಸಿ, ಉಳಿದವುಗಳಿಗೆ ಆಚಾರಿಯಿಂದ ಕೆಳಪಟ್ಟಿ ಸರಿಪಡಿಸಿ. ಕೂರಿಸಿದ ಮರುವಾರ, ಹಣದ ಕೊನೆಯ ಕಂತು ಕೊಡುವ ಮೊದಲು, ಹೊರಗಿನಿಂದ ಪೈಪಿನಲ್ಲಿ ಜೋರಾಗಿ ನೀರು ಬಿಡಿಸಿ: ಮೊದಲು ಕೆಳಪಟ್ಟಿಗೆ ಐದು ನಿಮಿಷ, ನಂತರ ಬದಿಗಳಿಗೆ, ಕೊನೆಗೆ ಮೇಲಕ್ಕೆ. ಕೆಳಗಿನಿಂದ ಮೇಲಕ್ಕೆ ಹೋದರೆ ನೀರು ಯಾವ ಸಂದಿನಿಂದ ಬಂತು ಎಂಬುದು ಸ್ಪಷ್ಟವಾಗುತ್ತದೆ. ಆಗ ಒಳಗೆ ಒಣಬಟ್ಟೆ ಹಿಡಿದು ಒಬ್ಬರು ನಿಂತಿರಲಿ. ಉಳಿದ ಕಿಟಕಿಗಳ ನಿರ್ಧಾರವನ್ನು ಒಂದು ಮಳೆಗಾಲ ಕಳೆದ ಮೇಲೆ ಮಾಡಿ. ಆಗ ಬೇಕಾದರೆ ಇಲ್ಲಿಯೇ ಕೇಳಿ, ಪ್ರತಿ ಗೋಡೆಯ ದಿಕ್ಕು ಮತ್ತು ಸಜ್ಜಾದ ಅಗಲ ತಿಳಿಸಿದರೆ ಒಂದೊಂದಕ್ಕೂ ಬೇರೆಬೇರೆಯಾಗಿ ಹೇಳುತ್ತೇನೆ.